ಅದಲುಬದಲಿನ ಕಾರ್ಡು

ಬೆಟ್ಟಗಳ ಸಾಲಿನ ಮೇಲೆ ತಿಂಗಳುಗಟ್ಟಲೆ ನಡೆಯುವ ಹಾದಿ ಅದು. ಹೊರಡುವ ಮುನ್ನ ಬ್ಯಾಂಕಿನ ಕಾರ್ಡುಗಳ ಏರ್ಪಾಟು ಮಾಡಿದವಳು ಉಗ್ರಾಣದವನ ಹೆಂಡತಿ. "ಇಬ್ರ ಹತ್ರಾನೂ ಎರಡೆರಡು ಕಾರ್ಡಿದೆ. ಒಂದೊಂದು ಅದಲುಬದಲು ಮಾಡ್ಕೊಳ್ಳಿ. ಒಬ್ರ ಚೀಲ ಹೋದ್ರೂ ಇನ್ನೊಬ್ರ ಹತ್ರ ಇರತ್ತೆ" ಎಂದು, ಆ ಹಾದಿ ಹಿಡಿಯಲಿದ್ದ ಗಂಡನನ್ನೂ ತನ್ನ ತಮ್ಮನನ್ನೂ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದ್ದಳು.

ತಮ್ಮ, ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು. ಕೂಡಲೇ ತನ್ನ ಕಾರ್ಡು ತೆಗೆದು ಭಾವನ ಮುಂದಿಟ್ಟು, ಪಿನ್ ನಂಬರನ್ನು ನೆರೆಮನೆಗೂ ಕೇಳುವ ಹಾಗೆ ಹೇಳಿದ. ಅಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು. ಭಾವ ನಗಲಿಲ್ಲ. ಧಾನ್ಯದ ಉಗ್ರಾಣದ ಕೀಲಿ ಕಾಯುತ್ತಲೇ ಅವನ ತಲೆ ನರೆತಿತ್ತು. ಹಾಕಿದ ಬೀಗವನ್ನು ಜಗ್ಗಿ ನೋಡದೆ ಮನೆಗೆ ಬಂದವನಲ್ಲ. ಬಾಮೈದ ಒಳ್ಳೆಯವನೇ, ಆದರೆ ಕೈ ಸಡಿಲ. ಚಹಾದಂಗಡಿಯಲ್ಲಿ ಗುರುತಿಲ್ಲದವರ ಚಹಾಕ್ಕೂ ತಾನೇ ದುಡ್ಡು ಕೊಡುವ ಪೈಕಿ. ಭಾವ ಒಳಗೆ ಹೋಗಿ ಬೀರು ತೆರೆದು, ಮುಚ್ಚಿಹೋದ ಖಾತೆಯ ಹಳೆಯ ಕಾರ್ಡೊಂದನ್ನು ಹುಡುಕಿ ತಂದುಕೊಟ್ಟ. ಬಾಯಿಗೆ ಬಂದ ನಾಲ್ಕು ಅಂಕಿಗಳನ್ನು ಅವನ ಕಿವಿಯಲ್ಲಿ ಉಸುರಿದ.

ಬಾಮೈದ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ತನ್ನ ಕಸುಬಿನ ಕಪ್ಪು ಟೇಪು ಬಿಗಿದು, ಬನಿಯನ್ನಿನ ಒಳಜೇಬಿನಲ್ಲಿಟ್ಟು ಹೊಲಿದುಕೊಂಡ. ಏರು ಹತ್ತುವಾಗ ಅಂಕಿಗಳನ್ನು ಗುನುಗುತ್ತಿದ್ದ. ಹೊಳೆಯಲ್ಲಿ ಮೀಯುವಾಗಲೂ ಕಣ್ಣು ಕಲ್ಲಿನ ಮೇಲಿಟ್ಟ ಬನಿಯನ್ನಿನ ಮೇಲೇ.

"ನಂದು ಹೋದ್ರೆ ಹೋಗ್ಲಿ ಭಾವ. ನಿಮ್ದು ಹೋದ್ರೆ ಅಕ್ಕ ನನ್ನ ಚರ್ಮ ಸುಲೀತಾಳೆ."

ಭಾವನಿಗೆ ಆಗೆಲ್ಲ ಮಾತು ನಾಲಗೆಯ ತುದಿಗೆ ಬರುತ್ತಿತ್ತು. ನಾಳೆ ಹೇಳಿದರಾಯಿತು ಎಂದು ನುಂಗಿಕೊಳ್ಳುತ್ತಿದ್ದ.

ಕೊನೆಗೆ ಸೊಂಟದ ಚೀಲ ಕಳೆದುಕೊಂಡವನು ಭಾವನೇ. ತೊರೆ ದಾಟುವಾಗ ಕಾಲು ಜಾರಿ ಬಿದ್ದು ಏಳುವಷ್ಟರಲ್ಲಿ ಬಕಲು ಬಿಚ್ಚಿಕೊಂಡು, ದುಡ್ಡು, ತನ್ನ ಕಾರ್ಡು ಎಲ್ಲ ನೀರುಪಾಲಾಗಿತ್ತು. ಒಂದು ಬೂಟಿನ ಅಟ್ಟೆಯೂ ಬಾಯಿ ಬಿಟ್ಟಿತ್ತು. ಬಾಮೈದ ಅವನನ್ನು ದಡಕ್ಕೆಳೆದು ಕೂರಿಸಿ, ಎದೆ ತಟ್ಟಿಕೊಂಡ.

"ಯಾಕೆ ಮುಖ ಸಣ್ಣ ಮಾಡ್ತೀರ? ಇಲ್ಲಿದೆಯಲ್ಲ ನಿಮ್ಮ ಬ್ಯಾಂಕು!"

"ಬೂಟಿಗೆ ನಿನ್ನ ಕಾರ್ಡಿಂದಾನೇ ಕೊಡೋಣ. ಆಮೇಲೆ ನೋಡ್ಕೊಂಡ್ರಾಯ್ತು."

"ಬಿಡಿ ಬಿಡಿ. ನನ್ನ ದುಡ್ಡಲ್ಲಿ ಬೂಟು ಹಾಕ್ಕೊಂಡ್ರೆ ನಿಮಗೆ ನಿದ್ದೆ ಬರಲ್ಲ. ನಿಮ್ಮ ಸ್ವಭಾವ ನಂಗೊತ್ತಿಲ್ವಾ?"

ಕಣಿವೆಯ ಊರಿನ ಬೂಟಿನಂಗಡಿಯಲ್ಲಿ ಟೇಪು ಬಿಚ್ಚಲು ಹಲ್ಲೇ ಬೇಕಾಯಿತು. ಅಂಗಡಿಯವಳು ಕಾರ್ಡನ್ನು ಮೆಷಿನ್ನಿಗೆ ತೂರಿಸಿದಳು. ಅದು ಕಿರ್ರೆಂದಿತು.

"ಒರೆಸಿ ನೋಡಿ ಅಕ್ಕ. ನಮ್ಮ ಭಾವನ ಕಾರ್ಡು ಹಂಗೆಲ್ಲ ಕೈಕೊಡಲ್ಲ."

ಅವಳು ಕಾರ್ಡನ್ನು ಬೆಳಕಿಗೆ ಹಿಡಿದಳು. "ಇದರ ಅವಧಿ ಮುಗಿದು ವರ್ಷಗಳೇ ಆಯ್ತಲ್ಲಪ್ಪ. ಇನ್ನು ರೊಟ್ಟಿಗೆ ಬೆಣ್ಣೆ ಸವರೋಕೆ ಆಗ್ಬೋದು."

ಬಾಮೈದ ನಕ್ಕು ಹಿಂದೆ ತಿರುಗಿದ. "ಗಡಿಬಿಡೀಲಿ ಹಳೇದು ಕೊಟ್ಬಿಟ್ರಾ ಭಾವ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಒಂದು ಕಾಲಿಗೆ ಹೊಸ ಬೂಟು, ಇನ್ನೊಂದು ಬರಿಗಾಲು; ಭಾವ ನೆಲ ನೋಡುತ್ತ ನಿಂತಿದ್ದ.

"ಗಡಿಬಿಡಿ ಇರ್ಲಿಲ್ಲ ಕಣೋ. ಹುಡುಕಿ ಇದನ್ನೇ ಕೊಟ್ಟೆ."

"ಮತ್ತೆ ಪಿನ್ನು?"

"ಅದೂ ಸುಳ್ಳು."

ಅಂಗಡಿಯವಳು ಬೆನ್ನು ತಿರುಗಿಸಿ, ಅಚ್ಚುಕಟ್ಟಾಗಿಯೇ ಇದ್ದ ಲೇಸುಗಳನ್ನು ಮತ್ತೆ ಜೋಡಿಸತೊಡಗಿದಳು. ಬಾಮೈದ ಟೇಪಿನ ಚೂರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಎಷ್ಟು ಬಾಯಿಪಾಠ ಮಾಡಿದ್ದೆ" ಎಂದಷ್ಟೇ ಹೇಳಿ, ತನ್ನ ಇನ್ನೊಂದು ಕಾರ್ಡನ್ನು ಅಂಗಡಿಯವಳಿಗೆ ಕೊಟ್ಟ.

ಹೊರಗಿನ ಮೆಟ್ಟಿಲ ಮೇಲೆ ಕೂತು ಭಾವ ಹಳೆಯ ಬೂಟಿನ ಒಳಪದರ ಎತ್ತಿ, ಅದರಡಿ ಇಟ್ಟುಕೊಂಡಿದ್ದ ಬಾಮೈದನ ಕಾರ್ಡನ್ನು ತೆಗೆದು ಅಂಗಿಗೆ ಒರೆಸಿ ಚಾಚಿದ.

"ತಗೋ. ಇದನ್ನ ಇಟ್ಕೊಳ್ಳೋ ಯೋಗ್ಯತೆ ನನಗಿಲ್ಲ."

ಬಾಮೈದ ಕೈ ನೀಡಲಿಲ್ಲ. "ಅವತ್ತು ಯೋಚನೆ ಮಾಡ್ದೆ ಕೊಟ್ಟಿದ್ದೆ. ಈಗ ಯೋಚನೆ ಮಾಡೇ ಹೇಳ್ತಿದೀನಿ, ನಿಮ್ಮ ಹತ್ರಾನೇ ಇರ್ಲಿ."

ಬೈದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು. ಅರ್ಧ ಹಾದಿ ಇನ್ನೂ ಮುಂದೆ ಬಿದ್ದಿತ್ತು. ಜೊತೆಗೆ ಹೆಜ್ಜೆ ಹಾಕುವ ಮುಖವಿಲ್ಲದೆ ಭಾವ ಲೇಸು ಕಟ್ಟುವ ನೆಪದಲ್ಲಿ ತಡಮಾಡಿದ. ಬಾಮೈದ ನಾಲ್ಕು ಮಾರು ಹೋಗಿ, ಹಿಂತಿರುಗಿ ನೋಡದೆ, ಅಲ್ಲೇ ಕಾದು ನಿಂತ.