ಕೂಡ್ರಲಿಕ್ಕೊಂದು ಬೀಡಿ

೧

ಈ ಕಥೆಯನ್ನು ಕೆಮ್ಮಿನಿಂದ ಶುರು ಮಾಡಬೇಕೋ ಬೆಂಕಿಕಡ್ಡಿಯಿಂದಲೋ ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಕೆಮ್ಮಿನಿಂದ ಶುರು ಮಾಡಿದರೆ ನೀವು, ಓಹೋ, ಇವನು ಸಾಯುವವನು ಎಂದುಕೊಂಡು ನೇರ ಕೊನೆಯ ಪುಟಕ್ಕೆ ಹೋಗುತ್ತೀರಿ. ಕಡ್ಡಿಯಿಂದ ಶುರು ಮಾಡಿದರೆ ನನಗೇ ಕೈ ತುರಿಸುತ್ತದೆ.

ನಿಜ ಹೇಳಿಬಿಡುತ್ತೇನೆ. ಇದು ೧೯೬೨ನೇ ಇಸವಿ, ಊರು ವಿಜಾಪುರ, ನಾನು ಒಂದು ಆಫೀಸಿನಲ್ಲಿ ಗುಮಾಸ್ತ. ಸಿಗರೇಟು ಬಿಟ್ಟು ಐದು ತಿಂಗಳಾಗಿತ್ತು. ಹೋದ ಸೋಮವಾರ ಮತ್ತೆ ಹಿಡಿದೆ. ಬೈಯುವವರು ಬೇಕಾದಷ್ಟು ಜನ ಇದ್ದಾರೆ, ಧೈರ್ಯ ಹೇಳುವವರು ಒಬ್ಬರೂ ಸಿಗಲಿಲ್ಲ. ಹೆಂಡತಿ ಸರಸ್ವತೀಬಾಯಿ ಬೈಯುವುದನ್ನೂ ಬಿಟ್ಟಿದ್ದಾಳೆ. “ನಿಮಗ ಬಿಡೋದು ಛಲೋ ರೂಢಿ ಆಗ್ಯದ. ಇದು ನಾಕನೇ ಸಲ ಅಲ್ಲೇನು?” ಎಂದು ಚಹಾ ಇಟ್ಟು ಒಳಗೆ ಹೋದಳು.

ಆದ್ದರಿಂದ ಒಂದು ಪಾತ್ರ ಹುಟ್ಟಿಸಿ, ಅವನಿಂದ ಬೀಡಿ ಬಿಡಿಸಿ, ಅವನನ್ನು ನೋಡಿ ನಾನೂ ಬಿಡೋಣ ಎಂದು ಹಂಚಿಕೆ ಹಾಕಿದ್ದೇನೆ. (ಕಥೆ ಬರೆಯಲು ಇದಕ್ಕಿಂತ ಕೀಳು ಕಾರಣ ನಿಮಗೆ ಗೊತ್ತಿದ್ದರೆ ಕಾರ್ಡು ಬರೆದು ತಿಳಿಸಿ.)

೧ (ಮತ್ತೊಮ್ಮೆ)

ಮೇಲಿನದನ್ನು ಹರಿದು ಹಾಕಿದ್ದೇನೆ. ಹಾಗಾದರೆ ನೀವು ಓದಿದ್ದು ಏನು ಎಂದು ಕೇಳಬೇಡಿ, ನನಗೆ ಮೊದಲೇ ತಲೆ ಸರಿಯಿಲ್ಲ.

ಕರೆಪ್ಪ. ವಯಸ್ಸು ಮೂವತ್ತೆಂಟು, ಊರು ಕಳ್ಳಕವಟಗಿ. ತಿಕೋಟಾದಿಂದ ಬಬಲೇಶ್ವರಕ್ಕೆ ಹಾಕುತ್ತಿರುವ ರಸ್ತೆಯ ಮೇಲೆ ದಿನವಿಡೀ ನಿಂತು, ದೊಡ್ಡ ಸುತ್ತಿಗೆಯಿಂದ ಕಲ್ಲು ಒಡೆದು ರಸ್ತೆಗೆ ಹಾಸುವ ಖಡಿ ಮಾಡುತ್ತಾನೆ. (ಗೋಳಗುಮ್ಮಟ ಎಲ್ಲಿ ಎಂದು ಕೇಳುವವರಿಗೆ: ಅದು ಅವನ ಬೆನ್ನ ಹಿಂದೆ ಬಹಳ ದೂರದಲ್ಲಿದೆ. ಅವನಿಗೆ ತಿರುಗಿ ನೋಡಲು ಪುರಸೊತ್ತಿಲ್ಲ.) ಚೈತ್ರದಲ್ಲಿ ವಿಜಾಪುರದ ಡಾಕ್ಟರು ಅವನ ಎದೆಗೆ ಕಿವಿಗೊಟ್ಟು, ಬೀಡಿ ಬಿಡದಿದ್ದರೆ ಇನ್ನೆರಡು ವರ್ಷಕ್ಕೆ ಸುತ್ತಿಗೆ ಎತ್ತಲಿಕ್ಕಾಗುವುದಿಲ್ಲ ಎಂದರು. ಕರೆಪ್ಪ ಅವತ್ತೇ ಬಿಟ್ಟ. ನಾಲ್ಕು ತಿಂಗಳು ಮುಟ್ಟಲಿಲ್ಲ. ಆಮೇಲೆ ಮನಸ್ಸು ದುರ್ಬಲವಾಗಿ, ಒಂದು ಮದುವೆಯಲ್ಲಿ, ಗೆಳೆಯರ ಸಹವಾಸದಿಂದ...

ಇಲ್ಲಿಗೆ ಬಂದಾಗ ಕರೆಪ್ಪ ಸುತ್ತಿಗೆ ಕೆಳಗಿಟ್ಟ.

“ಸಾಹೇಬ್ರ, ಯಾವ ಮದವಿರಿ? ನಾ ಈ ವರ್ಸ ಯಾರ ಮದವಿಗೂ ಹೋಗಿಲ್ಲ.”

“ಕಥಿಗೆ ಒಂದು ಕಾರಣ ಬೇಕಲ್ಲೋ,” ಎಂದೆ.

“ನಿಮಗ ಬಿಡಾಕ ಆಗಲಿಲ್ಲಂತ ನನ್ನ ಕೈಲೆ ಬಿಡಸ್ತೀರಿ. ಅದ್ರಾಗ ಸುಳ್ಳ ಬ್ಯಾರೆ ಬರೀತೀರಿ.”

ನನಗೆ ಸಿಟ್ಟು ಬಂತು. ನಿನ್ನೆ ಹುಟ್ಟಿಸಿದ ಪಾತ್ರ ಇವತ್ತು ನನಗೇ ತಿರುಗಿ ಮಾತಾಡುವುದೆಂದರೆ!

“ಹಂಗಾರ ನೀನೇ ಹೇಳು. ಯಾಕ ಹೊಳ್ಳಿ ಹಿಡದಿ?”

೨

ಕರೆಪ್ಪ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತೇನೆ. (ಅವನು ಕಲ್ಲು ಒಡೆಯುತ್ತ ಒಡೆಯುತ್ತ ಹೇಳಿದ, ಅರ್ಧ ಮಾತು ಏಟಿನಲ್ಲಿ ಹೋಯಿತು.)

ಹಣಮಂತರಾಯ ಆ ರಸ್ತೆ ಗ್ಯಾಂಗಿನ ಮುಕಾದಮ, ಕೂಲಿಯವರ ಮೇಲೆ ನಿಂತು ಕೆಲಸ ಮಾಡಿಸುವವನು. ಅವನ ಕೈಕೆಳಗೆ ಬೀಡಿ ಹಚ್ಚಿದವನು ಬೀಡಿ ಮುಗಿಯುವ ತನಕ ಕೂಡ್ರಬಹುದು. ಹಚ್ಚದವನು ಕಲ್ಲು ಹೊಡೆಯುತ್ತಿರಬೇಕು. ಇದನ್ನು ಯಾರೂ ಕಾಗದದಲ್ಲಿ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಬೀಡಿ ಸೇದುವವನನ್ನು ಕಂಡರೆ ಮುಕಾದಮನಿಗೆ ಪಾಪ, ಸೇದುತ್ತಾನೆ ಅನ್ನಿಸುತ್ತದೆ. ಸುಮ್ಮನೆ ಕೂತವನನ್ನು ಕಂಡರೆ ಮೈಗಳ್ಳ ಅನ್ನಿಸುತ್ತದೆ.

ಹೀಗೆ ಕರೆಪ್ಪ ಬೀಡಿ ಬಿಟ್ಟ ದಿನವೇ ಅವನ ಕೂಡ್ರುವುದೂ ಹೋಯಿತು. ಮುಂಜಾನೆ ಎರಡು ಸಲ, ಮಧ್ಯಾಹ್ನ ಎರಡು ಸಲ ಉಳಿದ ಗಂಡಸರು ಜಾಲಿ ಗಿಡದ ನೆರಳಿಗೆ ಹೋಗಿ ಹೊಗೆ ಬಿಡುತ್ತಿದ್ದರೆ ಇವನೊಬ್ಬ ಬಿಸಿಲಲ್ಲಿ ಹೊಡೆಯುತ್ತಿದ್ದ. ನಾಲ್ಕು ತಿಂಗಳು ಹೊಡೆದ. ಕೊನೆಗೆ ಒಂದು ಉಪಾಯ ಮಾಡಿದ. ಒಂದು ಬೀಡಿ ಇಸಿದುಕೊಂಡು, ಹಚ್ಚದೆ, ಬರೀ ತುಟಿಯಲ್ಲಿ ಕಚ್ಚಿಕೊಂಡು ಎಲ್ಲರ ಜೊತೆ ಹೋಗಿ ಕೂತ. ಮೊದಲ ದಿನ ನಡೆಯಿತು. ನಾಲ್ಕು ದಿನ ಅದೇ ಬೀಡಿ, ಅದೇ ನೆರಳು.

ಐದನೇ ದಿನ ಮುಕಾದಮ ಖುಷಿಯಲ್ಲಿದ್ದ. ತಾನೇ ಎದ್ದು ಬಂದು ಕಡ್ಡಿ ಗೀರಿ ಇವನ ಮುಖದ ಮುಂದೆ ಹಿಡಿದ. “ಏ ಕರೆಪ್ಪ, ಆರೇತಲ್ಲೋ ನಿನ್ನ ಬೀಡಿ. ತಗೋ.”

“ಮುಕಾದಮ್ರು ತಾವಾಗಿ ಬೆಂಕಿ ಹಿಡದಾರ,” ಎಂದ ಕರೆಪ್ಪ. “ಊದಿ ಆರಸಾಕ ಬರತೈತೇನ್ರಿ? ಎಳದೆ.”

ಓದುಗರೇ, ನಾನು ಪೆನ್ನು ಕೆಳಗಿಟ್ಟೆ. ಇಷ್ಟು ಒಳ್ಳೆಯ ಕಾರಣ ನನಗೆ ಹೊಳೆದಿರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು. ಆಮೇಲೆ ಇನ್ನೊಂದು ನೆನಪಾಯಿತು. ನಮ್ಮ ಆಫೀಸಿನಲ್ಲೂ ಸಿಗರೇಟು ಹಿಡಿದವನು ವರಾಂಡಕ್ಕೆ ಹೋಗಿ ಬೆಂಚಿನ ಮೇಲೆ ಕೂಡ್ರಬಹುದು, ಯಾರೂ ಕೇಳುವುದಿಲ್ಲ. ಬರಿಗೈಯಲ್ಲಿ ಹೋದರೆ ಹೆಡ್ ಕ್ಲಾರ್ಕು ಕನ್ನಡಕ ಎತ್ತಿ ನೋಡುತ್ತಾರೆ. ಐದು ತಿಂಗಳು ನಾನು ಫೈಲುಗಳ ಮುಂದಿನಿಂದ ಎದ್ದಿರಲಿಲ್ಲ. ಸೋಮವಾರ ಎದ್ದೆ. ಇಷ್ಟು ದಿನ ಮನಸ್ಸು ದುರ್ಬಲ, ಮನಸ್ಸು ದುರ್ಬಲ ಎಂದು ಸುಮ್ಮನೆ ನನ್ನನ್ನೇ ಬೈದುಕೊಂಡೆ!

೩

ಈಗ ಮುಕ್ತಾಯದ ಕಡೆ ನೋಡೋಣ. ನನ್ನ ಹತ್ತಿರ ಎರಡಿವೆ.

ಒಂದನೆಯದು: ಮುಕಾದಮನ ಮನಸ್ಸು ಕರಗುತ್ತದೆ. ಇನ್ನು ಮೇಲೆ ಎಲ್ಲರೂ ಕೂಡ್ರಿ ಎನ್ನುತ್ತಾನೆ. (ಹರಿದೆ. ಇಂಥದ್ದನ್ನು ನೀವು ನಂಬುವುದಿಲ್ಲ, ನಂಬಿದರೆ ನನಗೇ ಬೇಜಾರು.)

ಎರಡನೆಯದು: ಕರೆಪ್ಪ ಹೊಸ ಖಡಿಯ ಮೇಲೆ ರಕ್ತ ಕೆಮ್ಮಿ ಬೀಳುತ್ತಾನೆ. ಬಹಳ ಪರಿಣಾಮಕಾರಿ. ಮಾಸಪತ್ರಿಕೆಯವರು ಕಣ್ಣೀರು ಒರೆಸಿಕೊಂಡು ಅಚ್ಚು ಹಾಕುತ್ತಾರೆ.

“ಸಾಹೇಬ್ರ,” ಎಂದ ಕರೆಪ್ಪ ಮೆಲ್ಲಗೆ, “ಇದು ನನ್ನ ಎದಿ ಐತ್ರಿ. ನಿಮ್ಮ ಕತಿ ಛಲೋ ಆಗ್ಲೆಂತ ಇದನ್ನ ಹರೀಬ್ಯಾಡ್ರಿ.”

ನಾಚಿಕೆಯಾಯಿತು. ಅದನ್ನೂ ಹೊಡೆದು ಹಾಕಿದೆ. “ಹಂಗಾರ ಮತ್ತ ಬಿಡೋ ಮಾರಾಯಾ! ನನ್ನ ಸಲುವಾಗಿ ಅಲ್ಲ, ನಿನ್ನ ಸಲುವಾಗಿ ಬಿಡು,” ಎಂದು ಕೂಗಿದೆ.

“ಏನ್ ಬಿಡೂದ್ರಿ? ನಾಕ ತಿಂಗಳ ನೀರಾಗ ಹೋತು. ಮತ್ತ ಮೊದಲಿಂದ ಯಾರ ಸುರು ಮಾಡಬೇಕು?” ಎಂದು ಕಿವಿಯ ಮೇಲಿನ ಬೀಡಿ ತೆಗೆದ. ನನ್ನ ಕೈಯೂ ಆಫೀಸಿನ ಟೇಬಲ್ಲಿನ ಖಾನೆಯೊಳಗಿನ ಸಿಗರೇಟು ಪಾಕೀಟಿನ ಕಡೆ ಹೋಯಿತು. ಯಾರನ್ನು ನೋಡಿ ಬಿಡಬೇಕೆಂದಿದ್ದೆನೋ ಅವನೇ ಹೀಗೆಂದರೆ ನಾನೇನು ಮಾಡಲಿ? ಕಾಗದದ ಮೇಲೆ ಮತ್ತೆ ‘೧’ ಎಂದು ಬರೆಯಬೇಕು ಎನ್ನುವಷ್ಟರಲ್ಲಿ ತಿಪ್ಪವ್ವ ಮಾತಾಡಿದಳು.

(ತಿಪ್ಪವ್ವನನ್ನು ನಿಮಗೆ ಪರಿಚಯಿಸಿಲ್ಲ, ತಪ್ಪು ನನ್ನದು. ಅದೇ ಗ್ಯಾಂಗಿನಲ್ಲಿ ತಲೆಯ ಮೇಲೆ ಖಡಿ ಹೊರುವ ಹೆಂಗಸು, ಐವತ್ತು ದಾಟಿದೆ. ದೃಶ್ಯದಲ್ಲಿ ಯಾರಾದರೂ ಓಡಾಡುತ್ತಿರಲಿ ಎಂದು ಇಟ್ಟಿದ್ದೆ. ಮೂರು ಕರಡುಗಳಿಂದ ಬುಟ್ಟಿ ಹೊರುತ್ತಲೇ ಇದ್ದಾಳೆ.)

“ಲೇ ಕರೆಪ್ಪ, ನಾಕ ತಿಂಗಳ ನೀ ಹೊಡದ ಖಡಿ ಎಲ್ಲೈತಿ?”

“ಅಲ್ಲೇ ರಸ್ತೇದಾಗ ಬಿದ್ದೈತಿ ಬೇ.”

“ನಿನ್ನಿ ಒಂದಿನ ನೀ ಹೊಡೀಲಿಲ್ಲಂದ್ರ ಅದು ಹೊಳ್ಳಿ ಕೂಡಿ ಕಲ್ಲ ಆತೇನ?”

“ಇಲ್ಲ.”

“ಮತ್ತ? ಉಳದದ್ದ ಹೊಡಿ. ಬಾಯಿ ಮಾಡಬ್ಯಾಡ.” ಬುಟ್ಟಿ ಎತ್ತಿಕೊಂಡು ಹೋದಳು.

ಮೂರು ದಿನದಿಂದ ನಾನು ಹುಡುಕುತ್ತಿದ್ದದ್ದು ಇಷ್ಟೇ ಮಾತು. ಹೇಳಿದವಳಿಗೆ ನಾನು ಒಂದು ಮಾತೂ ಬರೆದುಕೊಟ್ಟಿರಲಿಲ್ಲ.

೪ (೧ ಅಲ್ಲ, ಗಮನಿಸಿ)

ಮರುದಿನ ಮುಂಜಾನೆ. ಗಂಡಸರೆಲ್ಲ ಬೀಡಿಗೆಂದು ಜಾಲಿ ಗಿಡದ ಕಡೆ ಹೊರಟರು. ತಿಪ್ಪವ್ವ ಕಬ್ಬಿಣದ ಬುಟ್ಟಿಯನ್ನು ರಸ್ತೆಯ ನಡುವೆಯೇ ಬೋರಲು ಹಾಕಿ ಅದರ ಮೇಲೆ ಕೂತಳು. “ಬಾ ಇಲ್ಲೆ, ಕುಂದರು,” ಎಂದು ಕರೆಪ್ಪನನ್ನು ಕರೆದಳು. ಅವನು ಹೋಗಿ ಪಕ್ಕದ ಕಲ್ಲಿನ ಮೇಲೆ ಕೂತ. ಬೀಡಿ ಕಿವಿಯ ಮೇಲೇ ಇತ್ತು.

(ಇದನ್ನು ನಾನು ಬರೆಯುತ್ತಿಲ್ಲ. ಅವರು ಮಾಡುತ್ತಿದ್ದಾರೆ, ನಾನು ಹಿಂದೆ ಓಡುತ್ತಿದ್ದೇನೆ.)

ಮುಕಾದಮ ಬಂದ. “ಏನ ತಿಪ್ಪವ್ವ, ಬೀಡಿ ಸೇದಾಕ ಹತ್ತೀಯೇನು?”

“ನಾ ಹುಟ್ಟಿದಾಗಿಂದ ಬೀಡಿ ಬಿಟ್ಟೇನ್ರಿ ಯಪ್ಪಾ. ಹಚ್ಚಿದವರು ದಿನಾ ನಾಕ ಸಲ ಕುಂದರತಾರ. ನಾ ಇಲ್ಲೀತನಕ ಕುಂತೇ ಇಲ್ಲ. ಇವತ್ತ ಕುಂತೇನಿ.”

ಹಣಮಂತರಾಯ, ದಾರಿ ತೋಚದಾಗ ಎಲ್ಲರೂ ಮಾಡುವಂತೆ, ಗೊತ್ತಿದ್ದದ್ದನ್ನು ಮಾಡಿದ. ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ, ಕಡ್ಡಿ ಗೀರಿದ, ಕರೆಪ್ಪನ ಮುಂದೆ ಹಿಡಿದ. “ಲೇ, ನೀ ಹಚ್ಚು. ಹಚ್ಚಿ ಕುಂದರು. ಇಲ್ಲಾ ಏಳು.”

ಕರೆಪ್ಪ ಕಡ್ಡಿ ನೋಡಿದ, ತಿಪ್ಪವ್ವನನ್ನು ನೋಡಿದ. ಕೈ ಕಿವಿಯ ತನಕ ಹೋಗಿ ವಾಪಸು ಬಂದು ಮೊಣಕಾಲಿನ ಮೇಲೆ ಕೂತಿತು. ಕಡ್ಡಿ ಉರಿಯುತ್ತ ಮುಕಾದಮನ ಬೆರಳಿನ ಹತ್ತಿರ ಬಂದಿದೆ.

ಮುಂದೆ? ಬೀಡಿ ಹಚ್ಚಿದನೇ, ಕೆಲಸ ಕಳಕೊಂಡನೇ, ಬದುಕಿದನೇ? ನಿಮಗೆ ಬೇಕು, ಮಾಸಪತ್ರಿಕೆಯವರಿಗೂ ಬೇಕು. ನನಗೂ ಬೇಕಿತ್ತು. ಪೆನ್ನು ಎತ್ತಿದೆ.

“ಸಾಹೇಬ್ರ,” ಎಂದ ಕರೆಪ್ಪ, ನನ್ನ ಕಡೆ ತಿರುಗದೆ. “ಮುಂದಿಂದ ಬರೀಬ್ಯಾಡ್ರಿ. ನೀವ ಬರದ್ರ ನಾ ಏಳಬೇಕಾಗತೈತಿ. ಇನ್ನೊಂದೀಟ ಕುಂದರತೇನಿ.”

ಕುಂದರಪ್ಪ, ಎಂದೆ.

ನಾನೂ ಖಾನೆ ಮುಚ್ಚಿ, ಪಾಕೀಟನ್ನು ಅಲ್ಲೇ ಬಿಟ್ಟು, ಈ ಹಾಳೆಗಳನ್ನು ಹಿಡಿದು ಆಫೀಸಿನ ವರಾಂಡಕ್ಕೆ ಬಂದು ಬೆಂಚಿನ ಮೇಲೆ ಕೂತಿದ್ದೇನೆ. ಹೆಡ್ ಕ್ಲಾರ್ಕು ಕನ್ನಡಕ ಎತ್ತಿ ನೋಡಿದರು, ಈಗ ಎದ್ದು ಬರುತ್ತಿದ್ದಾರೆ. ನಾನು ಕೂತೇ ಇದ್ದೇನೆ. ಕೈಯಲ್ಲಿನ ಹಾಳೆಯೊಳಗೆ ತಿಪ್ಪವ್ವ, ನನಗೂ ಜಾಗವಾಗಲೆಂದು, ಬುಟ್ಟಿಯ ಮೇಲೆ ಸ್ವಲ್ಪ ಸರಿದು ಕೂತಳು.