ಗುಡದಹಾಳಕ್ಕೆ ಸ್ಟಾಪಿಲ್ಲ

ಚಟ್ಟದ ಬಿದಿರಿಗೆ ಕೈ ಹಾಕಿದ್ದ ಬಸವಕುಮಾರನ ಮುಂಗೈಯನ್ನು ಹಿಡಿದು ರೇಣುಕಮ್ಮ ಪಕ್ಕಕ್ಕೆ ತಳ್ಳಿದಳು.

"ಎತ್ತಂಗಿಲ್ಲ. ನಮ್ಮವ್ವನ ತವರಿನ ಸೀರಿ ಬರೂತನಾ ಯಾರೂ ಎತ್ತಂಗಿಲ್ಲ."

"ಮುಂಜಾನಿಂದ ಇದನ್ನ ಹೇಳಾಕತ್ತೀಯಲ್ಲ ತಂಗಿ. ಹೊತ್ತು ಎಲ್ಲಿಗಿ ಬಂತು ನೋಡು." ಪಂಚಾಯ್ತಿ ಮೆಂಬರ್ ಬಸವಕುಮಾರ ಮುಂಗೈ ಉಜ್ಜಿಕೊಂಡ. "ಮುಳಗಿದ ಮ್ಯಾಲ ಮಣ್ಣ ಕೊಡಾಕ ಬರ್ತೈತೇನು?"

ಹೊತ್ತು ಇಳಿದಿತ್ತು. ಅಂಗಳದ ಶಾಮಿಯಾನದ ನೆರಳು ಎದುರು ಮನೆಯ ಕಟ್ಟೆ ಹತ್ತಿತ್ತು. ಗೋಡೆಗೆ ಒರಗಿಸಿ ಕೂರಿಸಿದ್ದ ರೇಣುಕಮ್ಮನ ತಾಯಿ ಉಡಚಮ್ಮನ ಹಣೆಯ ಮೇಲಿನ ಭಂಡಾರ ಒಣಗಿ ಉದುರತೊಡಗಿತ್ತು. ಬೆಳಗಿನ ಜಾವ ಅಂಗಳ ಗುಡಿಸುತ್ತ ಗುಡಿಸುತ್ತ ಕುಸಿದವಳು ಏಳಲಿಲ್ಲ. ಗಂಡನ ಮನೆಯಲ್ಲಿ ಎಷ್ಟು ವರ್ಷ ಬಾಳಿದ್ದರೂ ಹೆಣ್ಣಿಗೆ ಕೊನೆಯ ಸೀರೆ ತವರಿನದೇ ಆಗಬೇಕು. ಅದನ್ನು ಹೊದಿಸದೆ ಮಣ್ಣು ಎಳೆದರೆ ಆಕೆ ದಿಕ್ಕಿಲ್ಲದವಳಾಗಿ ಹೋದಳೆಂದು ಲೆಕ್ಕ. ಹುಲಿಹೈದರದಲ್ಲಿ ಆಕೆಯ ಅಣ್ಣ ಹನಮೇಶ ಲಕ್ವಾ ಹೊಡೆದು ಹಾಸಿಗೆಯಲ್ಲಿದ್ದ. ಸ್ವಂತ ಗಾಡಿ ಮಾಡಿಕೊಂಡು ಬರುವ ತಾಕತ್ತು ಆ ಮನೆಗೆ ಇರಲಿಲ್ಲ. ಅವನ ಹೆಂಡತಿ ಸಣ್ಣವ್ವ ಸೀರೆ ಹಿಡಿದು ಬಸ್ಸು ನಂಬಿ ಹೊರಟಿದ್ದಳು.

"ಹಂಗಾರ ನನ್ನ ಮಾತ ಕೇಳ್ರಿ," ಬಸವಕುಮಾರ ದನಿ ಎತ್ತರಿಸಿದ. "ಹೆಣಾ ಒಯ್ದು ಹೈವೇ ಮ್ಯಾಲ ಇಡೂಣು. ಟಿವಿಯವರಿಗೂ ಹೇಳೀನಿ. ಊರಿಗೆ ಬಸ್ ಇಲ್ಲಂತ ಎದಿ ಒಡಕೊಂಡು ಸತ್ಲು ಅಂದ್ರ..."

"ನಮ್ಮವ್ವ ಬಿಪಿ ಏರಿ ಸತ್ತಾಳೋ ಅಣ್ಣಾ. ಆಕಿ ಬದಕಿದ್ದಾಗ ಬಸ್ ಕೇಳಾಕ ಡಿಪೋಕ್ಕ ಹೋಗಿದ್ಲಲ್ಲ, ಅವಾಗ ನೀ ಎಲ್ಲಿದ್ದಿ?"

"ಅವಾಗ ಎಲೆಕ್ಷನ್ ಇತ್ತವಾ."

ಬಾಯಿಗೆ ಸೆರಗು ಮುಚ್ಚಿಕೊಂಡ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಮೂಲೆಯಲ್ಲಿ ಕೂತಿದ್ದ ಉಡಚಮ್ಮನ ಗಂಡ ವಿರುಪಾಕ್ಷಿ ಮಾತ್ರ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಯೂಸುಫ ಬಂದ. ಪ್ಯಾಂಟಿಗೆ ಮೊಣಕಾಲ ತನಕ ಧೂಳು. ಹಿಂದೆ ಈ ಊರಿನ ಬಸ್ಸಿಗೆ ಕಂಡಕ್ಟರ್ ಆಗಿದ್ದವ, ಈಗ ನಿವೃತ್ತ. ಉಡಚಮ್ಮನ ಪಾದಕ್ಕೆ ಕೈ ಮುಟ್ಟಿಸಿ, ವಿರುಪಾಕ್ಷಿಯ ಮಗ್ಗುಲಿಗೆ ಕುಸಿದು ಕೂತ.

"ನಡಕೊಂತ ಬಂದ್ಯಾ ಯೂಸುಫ್ ಮಾಮಾ?" ರೇಣುಕಮ್ಮ ನೀರು ಕೊಟ್ಟಳು.

"ಮತ್ತೇನವಾ. ಗುಡದಹಾಳ ಕ್ರಾಸ್ ಅಂದೆ. ಸ್ಟಾಪಿಲ್ಲ ಅಂದ. ಮುಂದಿನ ಸ್ಟೇಜಿನ ತಿಕೀಟ ಕೊಟ್ಟ. ರೇಟ್ ಬ್ಯಾರೆ ಏರಿಸ್ಯಾರ. ನಿಮ್ಮೂರ ದಾಟಿ ಒಯ್ದು ಒಗದ್ರು, ಅಲ್ಲಿಂದ ಹೊಳ್ಳಿ ನಡದೆ. ಜಾಸ್ತಿ ರೊಕ್ಕ ಕೊಟ್ಟು ಜಾಸ್ತಿ ನಡಿಯೂದು."

"ನಿಮ್ಮ ಇಲಾಖೆದವರ ನಿನಗ ಹಿಂಗ ಮಾಡಿದ್ರ?" ಅಂದಳು ನೆರೆಮನೆಯ ಮುದುಕಿ ಅಮರಮ್ಮ.

"ನಾ ತಿಕೀಟ ಹರದು ಹರದು ಕೈ ಸವಿಸಿದ ದಾರ್ಯಾಗ, ಆ ಊರು ಮಷೀನ್ಯಾಗ ಇಲ್ಲ ಕಾಕಾ ಅಂದ ಆ ಹುಡುಗ. ಕಾಕಾ ಅಂತ!"

* * *

ಗುಡದಹಾಳಕ್ಕೆ ವಸ್ತಿ ಬಸ್ಸು ಬರುತ್ತಿದ್ದ ಕಾಲವೊಂದಿತ್ತು. ಗಂಗಾವತಿಯಿಂದ ಹೊರಟು ಕನಕಗಿರಿ, ಹುಲಿಹೈದರ, ತಾವರಗೇರಾ ಬಳಸಿ, ಕುಷ್ಟಗಿ ಮುಟ್ಟಿ, ದೀಪ ಹಚ್ಚುವ ಹೊತ್ತಿಗೆ ಊರ ನಡುವಿನ ಬೇವಿನ ಮರ ಸುತ್ತಿ ನಿಲ್ಲುತ್ತಿತ್ತು. ಅಲ್ಲೇ ತಂಗಿ, ನಸುಕಿನಲ್ಲಿ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಡ್ರೈವರ್, ಕಂಡಕ್ಟರ್ ಬಸ್ಸಿನಲ್ಲೇ ಮಲಗುತ್ತಿದ್ದರು. ಊಟದ ವ್ಯವಸ್ಥೆ ಊರಿನದು.

ಬಸ್ಸು ಮೊದಲ ಸಲ ಬಂದ ಸಂಜೆ ಉಡಚಮ್ಮ ಎಮ್ಮೆ ಕಟ್ಟುವುದನ್ನು ಬಿಟ್ಟು ಓಡಿ ಬಂದು ಕೇಳಿದ್ದು ಒಂದೇ ಮಾತು.

"ಇದು ಹುಲಿಹೈದರದ ಮ್ಯಾಲ ಬರ್ತೈತೇನೋ ಯಪ್ಪಾ?"

"ಹೌದಕ್ಕಾ," ಅಂದ ಯೂಸುಫ.

"ಹಂಗಾರ ಊಟ ನಮ್ಮ ಮನ್ಯಾಗ."

"ನಾ ಸಾಬರಾಂವ ಅಕ್ಕಾ."

"ಸಾಬರಿಗೆ ಹಸಿವಾಗಂಗಿಲ್ಲೇನು? ಕೈ ತೊಳಕೊ ನಡಿ."

ಅಂದಿನಿಂದ ಎಷ್ಟೋ ಡ್ರೈವರುಗಳು ಬದಲಾದರು. ಒಲೆ ಬದಲಾಗಲಿಲ್ಲ. ಹನಮೇಶ ಹುಲಿಹೈದರದಲ್ಲಿ ಬಸ್ಸಿಗೆ ಕೈ ಮಾಡಿ ಕಾಲುವೆ ಗದ್ದೆಯ ನೆಲ್ಲಕ್ಕಿಯ ಚೀಲ ಏರಿಸುತ್ತಿದ್ದ. ಇಲ್ಲಿಂದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಹೋಗುತ್ತಿದ್ದವು. ಅಣ್ಣನ ಎಮ್ಮೆ ಈದದ್ದು, ಅತ್ತಿಗೆ ಮುನಿಸಿಕೊಂಡದ್ದು, ಓಣಿಯಲ್ಲಿ ಕಲಹವಾದದ್ದು, ಎಲ್ಲ ಬಸ್ಸಿನಲ್ಲೇ ಬರುತ್ತಿತ್ತು. ಉಡಚಮ್ಮ ರೊಟ್ಟಿ ಬಡಿಯುತ್ತ "ಮುಂದ?" ಅನ್ನುತ್ತಿದ್ದಳು. ಯೂಸುಫ ಉಣ್ಣುತ್ತ ಹೇಳುತ್ತಿದ್ದ.

ಒಂದು ಸಂಜೆ ಅವನು ತಾಟಿನ ಮುಂದೆ ಕೂಡಲಿಲ್ಲ.

"ಅಕ್ಕಾ, ಊಟ ಆಮ್ಯಾಲ. ನಾಳಿ ಮುಂಜಾನಿ ನನ್ನ ಕೂಡ ಬಾ. ಲಕ್ವಾ ಹೊಡದು ನಿಮ್ಮಣ್ಣನ ಒಂದು ಕಡಿ ಬಿದ್ದೈತಿ."

ಮರುದಿನ ಬಿಸಿಲೇರುವ ಮೊದಲೇ ಆಕೆ ಅಣ್ಣನ ಕಾಲು ತಿಕ್ಕುತ್ತ ಕೂತಿದ್ದಳು.

* * *

ರೇಣುಕಮ್ಮನ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಬಸ್ಸಿನ ಗದ್ದಲದಲ್ಲಿ ಸಣ್ಣವ್ವನ ದನಿ.

"ರೇಣವ್ವಾ, ಮಗ್ಗಲದಾಕಿ ಫೋನಿಲೆ ಮಾತಾಡಾಕತ್ತೀನಿ. ಹೆಂಗಸ್ರು ಕೈ ಮಾಡಿದ್ರ ಯಾವ ಬಸ್ಸೂ ನಿಲ್ಲಲಿಲ್ಲೇ. ತಾವರಗೇರ್ಯಾಗ ಗಂಡಸ್ರ ಹಿಂದ ನಿಂತು ಹತ್ತೀನಿ. ಈಗ ಕಂಡಕ್ಟರ್ ನಿಮ್ಮೂರ ಇಲ್ಲ ಅಂತಾನ!"

"ಅತ್ತೀ, ಕುಷ್ಟಗ್ಯಾಗ ಇಳಿ. ನಮ್ಮ ಮನಿಯವ್ರು ಸ್ಟ್ಯಾಂಡಿನ್ಯಾಗ ಬೈಕ್ ಹಿಡ್ಕೊಂಡು ನಿಂತಾರ."

"ಎಲ್ಲಿ ಇಳೀಲೇ? ಕುಷ್ಟಗಿ ಅಕಾ ನೋಡು, ಆ ಕಡಿ ಹೊಂಟೈತಿ! ಬೈಪಾಸಿಗೆ ಬಿಟ್ಟಾನ ಇಂವ. ಊರಾಗ ಹೋಗಂಗಿಲ್ಲಂತ."

ಯೂಸುಫ ಎದ್ದು ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದ. "ಕಂಡಕ್ಟರ್‌ಗೆ ಕೊಡು ಬೇ... ನೋಡು ತಮ್ಮಾ, ನಾನೂ ಕಂಡಕ್ಟರ್ ಇದ್ದಾಂವ. ಆಕಿಗೆ ಮುಂದಿನ ಸ್ಟೇಜಿನ ಪುಕ್ಕಟೆ ಜೀರೋ ತಿಕೀಟ ಕೊಡು, ಕ್ರಾಸಿಗೆ ಇಳಿಸಿ ಬಿಡು."

"ಸ್ಟಾಪ್ ಇಲ್ರಿ ಸರ." ದನಿ ಇನ್ನೂ ಎಳೆಯದು. "ಜಿಪಿಎಸ್ ಹಚ್ಯಾರ. ಎಲ್ಲಿ ನಿಂತ್ರೂ ಮ್ಯಾಲ ಗೊತ್ತಾಕ್ಕೈತಿ. ಡ್ರೈವರ್‌ಗೆ ಮೆಮೊ ಬರ್ತೈತಿ."

"ಸತ್ತ ಮನಿಗೆ ಹೊಂಟಾಳಪಾ ಆಕಿ. ಹೆಣಾ ಎತ್ತದ ಕೂತೀವಿ."

"ಎಲ್ಲಾರೂ ಹಂಗ ಹೇಳ್ತಾರ್ರಿ ಸರ. ಒಬ್ಬರಿಗೆ ನಿಲ್ಲಿಸಿದ್ರ ಎಲ್ಲಾರಿಗೂ ನಿಲ್ಲಿಸಬೇಕು."

"ಮತ್ತ ಬಸ್ ಇರೂದ ಅದಕ್ಕಲ್ಲೇನೋ!"

ಸಂಪರ್ಕ ಕಡಿಯಿತು. ಹಿಂದಿನಿಂದ ಸಣ್ಣವ್ವ ಕಂಡಕ್ಟರನಿಗೆ ಕೇಳುತ್ತಿದ್ದದ್ದು ಮಾತ್ರ ಎಲ್ಲರ ಕಿವಿಗೂ ಬಿದ್ದಿತ್ತು: "ಊರ ಇಲ್ಲಂದ್ರ ನನ್ನ ನಾದಿನಿ ಎಲ್ಲಿ ಸತ್ತಾಳಲೇ?"

ಸ್ವಲ್ಪ ಹೊತ್ತಿಗೆ, ಊರಿನ ಅಂಚಿಗೆ ಏರಿಸಿ ಕಟ್ಟಿದ ಹೆದ್ದಾರಿಯ ಮೇಲೆ ಬಸ್ಸು ಕಾಣಿಸಿತು. ಅಂಗಳದಲ್ಲಿದ್ದವರೆಲ್ಲ ಎದ್ದು ನಿಂತು ಕೈ ಬೀಸಿದರು. ಬಸವಕುಮಾರ ಟವೆಲ್ ಬೀಸಿದ. ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಹೊರಬಂದು ಇವರತ್ತ ಬೀಸಿತು. ಶಾಮಿಯಾನ ಕಾಣುತ್ತಿತ್ತು ಆಕೆಗೆ. ಹೆಣದ ಮನೆ ಕಾಣುತ್ತಿತ್ತು. ಬಸ್ಸು ಕ್ರಾಸು ದಾಟಿತು, ಉಬ್ಬು ಇಳಿಯಿತು, ಹೋಯಿತು.

ರೇಣುಕಮ್ಮ ಗಂಡನಿಗೆ ಫೋನು ಹಚ್ಚಿ ಚೀರಿದಳು. "ಅಲ್ಲೇನ್ ಮಾಡಾಕತ್ತೀರಿ? ಅತ್ತಿ ನಮ್ಮನ್ನೂ ದಾಟಿ ಹೋದ್ಲು. ಹಿಂದ ಹೋಗ್ರಿ, ಎಲ್ಲಿ ಒಗಿತಾರ ನೋಡ್ರಿ!"

* * *

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಸುದ್ದಿ ಬಂದ ದಿನ ಉಡಚಮ್ಮ ಗಂಡನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಇನ್ನ ತವರಿಗೆ ಹೋಗಾಕ ನಿನ್ನ ಕಿಸೆದ ಮಾರಿ ನೋಡಂಗಿಲ್ಲ." ವಿರುಪಾಕ್ಷಿ ನಕ್ಕಿದ್ದ. ಆ ವರ್ಷ ಆಕೆ ಮನಸ್ಸಾದಾಗಲೆಲ್ಲ ಹೋಗಿ ಅಣ್ಣನ ಬಾಯಿಗೆ ಗಂಜಿ ಹಾಕಿ ಬಂದಳು.

ಆಮೇಲೆ ಮಾರ್ಗ ಪರಿಷ್ಕರಣೆ ಎಂಬುದು ಬಂತು. ವಸ್ತಿ ಬಸ್ಸು ನಿಂತಿತು. ಹಗಲಿನದು ಕ್ರಾಸಿಗೆ ಸರಿಯಿತು. ಕಡೆಗೆ ಕ್ರಾಸೂ ಹೋಯಿತು. ಗಂಡಸರಿಗೆ ದರ ಏರಿತು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾಗಿಯೇ ಉಳಿಯಿತು, ಬಸ್ಸು ಉಳಿಯಲಿಲ್ಲ. ಕೊಟ್ಟೆವೆಂದು ಗೋಡೆಗೋಡೆಗೂ ಬರೆಸಿದವರು ಕಿತ್ತುಕೊಂಡದ್ದನ್ನು ಎಲ್ಲಿಯೂ ಬರೆಸಲಿಲ್ಲ.

ಉಡಚಮ್ಮ ಓಣಿಯ ಹೆಂಗಸರನ್ನು ಎಬ್ಬಿಸಿಕೊಂಡು ಡಿಪೋಕ್ಕೆ ಹೋದಳು. ಟ್ರ್ಯಾಕ್ಟರಿನಲ್ಲಿ ಹೋಗಬೇಕಾಯಿತು.

"ನಿಮ್ಮೂರಿಂದ ಆದಾಯ ಇಲ್ಲಮ್ಮ," ಅಂದರು ಕುರ್ಚಿಯಲ್ಲಿದ್ದವರು.

"ಆದಾಯ ಇಲ್ಲಂದ್ರ ನಾವೂ ಇಲ್ಲೇನ್ರಿ ಸಾಹೇಬ್ರ?"

"ಹಾಗಲ್ಲ. ಮೇಲಿನವರಿಗೆ ತಿಳಿಸಿದೀವಿ."

"ಮ್ಯಾಲಿನವ್ರು ಬಸ್ಸಿನ್ಯಾಗ ಅಡ್ಡಾಡ್ತಾರೇನ್ರಿ?"

ಅವರು ಫೋನು ಎತ್ತಿಕೊಂಡು ಯಾರೊಂದಿಗೋ ಮಾತಾಡತೊಡಗಿದರು. ಹೆಂಗಸರು ನಿಂತೇ ಇದ್ದರು. ಪ್ಯೂನ್ ಬಂದು ಜಾಗ ಬಿಡಿರೆಂದ.

ಅಲ್ಲಿಂದ ಮುಂದೆ ಆಕೆ ಕ್ರಾಸಿಗೆ ಹೋಗಿ ಬಸ್ಸುಗಳಿಗೆ ಕೈ ಮಾಡತೊಡಗಿದಳು. ಡ್ರೈವರು ಹೆಬ್ಬೆರಳಿನಿಂದ ಹಿಂದಿನ ಬಸ್ಸು ತೋರಿಸುತ್ತಿದ್ದ. ಹಿಂದಿನವನು ಅದರ ಹಿಂದಿನದನ್ನು ತೋರಿಸುತ್ತಿದ್ದ. ಒಮ್ಮೆ ನಡುರಸ್ತೆಗೇ ಇಳಿದಳು. ಬ್ರೇಕು ಕಿರುಚಿತು. "ಪುಕ್ಕಟೆ ಮಂದೀದು ಸೊಕ್ಕ ನೋಡು," ಎಂದು ಡ್ರೈವರು ಉಗಿದು ಬಳಸಿಕೊಂಡು ಹೋದ.

ಹೋದ ಅಮಾವಾಸ್ಯೆಗೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ನಿಂತಿದ್ದಳು. ಸಂಜೆ ಅದೇ ಬುತ್ತಿ ತಂದು ಬಿಚ್ಚಿ ವಿರುಪಾಕ್ಷಿಯ ಮುಂದಿಟ್ಟಳು.

"ಉಣ್ಣು. ನಮ್ಮಣ್ಣಂದು."



* * *

"ನಡುದಾರ್ಯಾಗ ಒಮ್ಮೆ ಚಟ್ಟ ಇಳಸ್ತೀವಲ್ಲ," ಅಮರಮ್ಮ ಕೋಲೂರಿ ಎದ್ದಳು. "ಅಲ್ಲಿತನಾ ಹೊದಸಾಕ ಬರ್ತೈತಿ. ನಮ್ಮತ್ತಿಗೂ ಹಂಗ ಮಾಡಿದ್ವಿ. ಮಣ್ಣಿಗಿಳಿಸೂ ಮುಂಚೆ ಬಂದ್ರ ಸಾಕು."

ಎಲ್ಲರೂ ವಿರುಪಾಕ್ಷಿಯನ್ನು ನೋಡಿದರು.

"ಎತ್ರಿ," ಅಂದ ಆತ.

ರೇಣುಕಮ್ಮ ಈ ಸಲ ತಡೆಯಲಿಲ್ಲ. ಹಲಗೆ ಬಾರಿಸುವ ಸದ್ದಿನ ಹಿಂದೆ, ಸೆರಗು ಕಚ್ಚಿಕೊಂಡು ನಡೆದಳು. ಊರು ಹೆದ್ದಾರಿಯ ಈಚೆ, ಸುಡುಗಾಡು ಆಚೆ. ನಡುವೆ ದಾಟಲು ದಾರಿ ಬಿಟ್ಟಿರಲಿಲ್ಲ. ಬದುಕಿದ್ದವರೂ ಸತ್ತವರೂ ಡಿವೈಡರ್ ಹತ್ತಿಯೇ ದಾಟಬೇಕು.

ಚಟ್ಟ ರಸ್ತೆಗೆ ಏರಿದಾಗ ಆಚೆ ಬದಿಗೆ ಬೈಕೊಂದು ಬಂದು ನಿಂತಿತು. ರೇಣುಕಮ್ಮನ ಗಂಡನ ಬೆನ್ನಿಂದ ಸಣ್ಣವ್ವ ಇಳಿದಳು. ಸುತ್ತಿ ಬರಲು ಹೊತ್ತಿರಲಿಲ್ಲ. ಸೀರೆಯ ಚೀಲವನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಲ್ಲಿ ಡಿವೈಡರ್ ಹಿಡಿದು ಏರಿದಳು. ಕಾಲು ಜಾರಿ ಮೊಣಕಾಲು ತರಚಿತು.

"ಇಳಸ್ರಿ!" ರೇಣುಕಮ್ಮ ಚೀರಿದಳು. "ಇಲ್ಲೇ ಇಳಸ್ರಿ!"

ಚಟ್ಟ ನಡುರಸ್ತೆಗೆ ಇಳಿಯಿತು.

ಸಣ್ಣವ್ವ ಬಂದವಳೇ ನಾದಿನಿಯ ಗಲ್ಲ ಹಿಡಿದು ಅಲುಗಾಡಿಸಿದಳು. "ಮುಂಜಾನಿ ಬಿಟ್ಟೀನೇ ನನ್ನವ್ವಾ... ಮುಂಜಾನಿ ಬಿಟ್ಟೀನಿ. ನಿಮ್ಮಣ್ಣ ಒಂದ ಕೈಲೆ ಮುಟ್ಟಿ ಕೊಟ್ಟಾನ. ಬೈಬ್ಯಾಡ." ಆಕೆಯೂ ರೇಣುಕಮ್ಮನೂ ಚೀಲದ ಸೀರೆ ತೆಗೆದು ಮಡಿಕೆ ಬಿಚ್ಚಿದರು. ಗಾಳಿಗೆ ಹಸಿರು ಸೀರೆ ಉಬ್ಬಿ ರಸ್ತೆಯ ತುಂಬ ಹರಡಿತು. ಹೆಂಗಸರು ಓಡಿ ಬಂದು ಅಂಚು ಅಂಚು ಹಿಡಿದರು.

ಲಾರಿಯೊಂದು ನಿಂತಿತು. ಅದರ ಹಿಂದೆ ಕಾರು. ಅವನ್ನು ಬಳಸಿ ಮುಂದೆ ಬಂದ ಎಕ್ಸ್‌ಪ್ರೆಸ್ ಬಸ್ಸು, ತಡೆರಹಿತ ಎಂಬ ಬೋರ್ಡು ಹೊತ್ತು, ಹಾರ್ನು ಒತ್ತುತ್ತ ಒತ್ತುತ್ತ ಹೆಣದ ಮುಂದೆ ನಿಂತಿತು.

"ಲಗೂ ಮುಗಸ್ರಿ, ಲಗೂ," ಬಸವಕುಮಾರನ ಮುಖ ಬೆವೆತಿತ್ತು. "ಹೈವೇ ಇದು. ಪೊಲೀಸ್ರು ಬಂದ್ರ ನನ್ನ ಹೆಸರ ಬರ್ತೈತಿ."

"ನಿನ್ನ ಟಿವಿ ಎಲ್ಲೈತೋ?" ಅಂದಳು ಅಮರಮ್ಮ.

ಸೀರೆ ಹೊದಿಸಿ ಆಯಿತು. ಯೂಸುಫ ಕಾಲಿನ ಕಡೆಯ ಬಿದಿರು ಹಿಡಿದ. ಉಳಿದವರೂ ಬಾಗಿದರು. ತಲೆಯ ಕಡೆ ನಿಂತಿದ್ದ ವಿರುಪಾಕ್ಷಿ ಬಾಗಲಿಲ್ಲ. ಅವನು ಬಸ್ಸಿನ ಕಡೆ ನೋಡುತ್ತಿದ್ದ.

ಉಳ್ಳಾಗಡ್ಡಿ ಹೊಲದ ಕೂಲಿ ಮುಗಿಸಿ, ಪರವೂರಿನ ಹೆಣ್ಣಾಳುಗಳು ಯಾವುದಾದರೂ ಗಾಡಿ ಸಿಗಲೆಂದು ಕ್ರಾಸಿನ ಜಾಲಿಯ ಕೆಳಗೆ ಕೂತಿದ್ದರು. ಅವರೆಲ್ಲ ಈಗ ಎದ್ದು ಬಸ್ಸಿನ ಬಾಗಿಲು ಬಡಿಯುತ್ತಿದ್ದರು.

"ಇಲ್ಲಿ ಸ್ಟಾಪ್ ಇಲ್ಲ!" ಒಳಗಿನಿಂದ ಕಂಡಕ್ಟರ್ ಕೂಗಿದ.

"ನಿಂತೈತಲ್ಲೋ ಯಪ್ಪಾ!"

ಬಾಗಿಲು ತೆರೆಯಿತು. ಮೊದಲನೆಯವಳು ಹತ್ತಿದಳು. ಮೆಟ್ಟಿಲ ಮೇಲೆ ನಿಂತು, ಹೆಣದ ಕಡೆ ತಿರುಗಿ ಕೈ ಮುಗಿದು, ಒಳಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು, ಅವಳೂ ಕೈ ಮುಗಿದಳು. ಹಾರ್ನು ನಿಂತಿತ್ತು.

"ಮಾವಾ, ಹೊತ್ತು ಮುಳಗಾಕತ್ತೈತಿ. ಎತ್ತೂಣಲ್ಲ?" ಅಂದ ಯೂಸುಫ.

ಜಾಲಿಯ ಕೆಳಗಿಂದ ಮುದುಕಿಯೊಬ್ಬಳು ತಲೆಯ ಮೇಲೆ ಮೇವಿನ ಹೊರೆ ಹೊತ್ತು, ನೆಲ ನೋಡಿ ನೋಡಿ ಹೆಜ್ಜೆ ಇಡುತ್ತ ಬಸ್ಸಿನ ಕಡೆ ಬರುತ್ತಿದ್ದಳು.

"ತಡಿ," ಅಂದ ವಿರುಪಾಕ್ಷಿ. "ಇನ್ನೂ ಒಬ್ಬಾಕಿ ಅದಾಳ."