ನೀಲಿ ಕ್ಯಾನು ಮತ್ತು ತೇಪೆಯಮ್ಮನ ಮೂಗು

ತೇಪೆಯಮ್ಮ ಕ್ಯಾನಿನ ಮುಚ್ಚಳ ಬಿಗಿದು, ಅದನ್ನು ಎದೆಗೆ ಅವಚಿಕೊಂಡು, ಹಟ ಹಿಡಿದ ಮಗುವನ್ನು ಕುಲುಕುವ ಹಾಗೆ ಎಡಕ್ಕೂ ಬಲಕ್ಕೂ ಕುಲುಕಿದಳು. ಒಳಗೆ ಒಂದು ಹಿಡಿ ಒಲೆಯ ಬೂದಿ, ಒಂದು ಹಿಡಿ ಸಣ್ಣ ಕಲ್ಲು, ಬಿಸಿನೀರು. ಐದು ಲೀಟರಿನ ನೀಲಿ ಕ್ಯಾನು ಗಲಗಲ ಸದ್ದು ಮಾಡಿತು.

"ಎಷ್ಟನೇ ಸಲ?" ಜಗಲಿಯ ಮೇಲೆ ಪೊರಕೆ ಕಟ್ಟುತ್ತಾ ಕೂತಿದ್ದ ಗಂಡ ಕೇಳಿದ.

"ಮೂರನೇದು."

"ಕಲ್ಲು ಸವೆದು ಹೋಗುತ್ತೆ ಕಣೆ."

"ಕಲ್ಲು ಹೋದ್ರೆ ಇನ್ನೊಂದು ಕಲ್ಲು ಸಿಗುತ್ತೆ. ಇಂಥ ಕ್ಯಾನು ಸಿಗುತ್ತಾ? ಗೋಡೆಗೆ ಎಸೆದ್ರೆ ಗೋಡೆ ಒಡೀಬೇಕು, ಅಷ್ಟು ಗಟ್ಟಿ."

ನೀರು ಚೆಲ್ಲಿ, ಕ್ಯಾನಿನ ಬಾಯಿಗೆ ಮೂಗು ತೂರಿಸಿ, ಕಣ್ಣು ಮುಚ್ಚಿಕೊಂಡು ಉಸಿರೆಳೆದಳು. ಆ ಮನೆಯಲ್ಲಿ ಕೊನೆಯ ತೀರ್ಪು ಆ ಮೂಗಿನದೇ. ಹಾಲು ಕೆಡುವ ಮೊದಲೇ ಕೆಡುತ್ತದೆ ಎಂದು ಹೇಳುತ್ತಿತ್ತು. ಕಾಳಿನ ಮೂಟೆಯ ತಳದಲ್ಲಿ ತೇವ ಕೂತಿದ್ದರೆ ಮೂಟೆ ಬಿಚ್ಚದೆಯೇ ಹೇಳುತ್ತಿತ್ತು.

"ಒಂಚೂರೂ ವಾಸನೆ ಇಲ್ಲ. ನಾಳೆಯಿಂದ ಹೊಲಕ್ಕೆ ಕುಡಿಯೋ ನೀರು ಇದರಲ್ಲೇ ತಗೊಂಡು ಹೋಗಿ."

ಆಗ ಸೊಸೆ ಹೊರಗೆ ಬಂದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಸೊಂಟದ ಮೇಲೆ ನಾಲ್ಕು ವರ್ಷದ ಮಗಳು. ದಾರದುಂಡೆಯ ಹಾಗೆ ಮನೆ ತುಂಬ ಉರುಳಾಡಿಕೊಂಡಿದ್ದ ಆ ಹುಡುಗಿಗೆ ಅಜ್ಜಿ ಇಟ್ಟ ಹೆಸರೇ ಉಂಡೆ. ಈಗ ಉಂಡೆಯ ಮುಖ ಒಗೆದ ಬಟ್ಟೆಯ ಹಾಗೆ ಬಿಳಿಚಿಕೊಂಡಿತ್ತು.

"ಅತ್ತೆ, ನಾವು ಅಮ್ಮನ ಮನೆಗೆ ಹೊರಟ್ವಿ."

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ."

ಎರಡು ತಿಂಗಳಲ್ಲಿ ಮೂರು ಸಲ ಮಗು ಕಾಯಿಲೆ ಬಿದ್ದಿತ್ತು. ಹೊಟ್ಟೆ ಹಿಡಿದುಕೊಂಡು ಅಳುವುದು, ವಾಂತಿ, ತಣ್ಣನೆಯ ಬೆವರು, ಬಾಯಿಂದ ಸುರಿಯುವ ಜೊಲ್ಲು. ನಿನ್ನೆ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೊತ್ತುಕೊಂಡು ಹೋಗಿದ್ದರು. ಸಂಜೆಯವರೆಗೆ ಮಲಗಿಸಿಕೊಂಡು ಡಾಕ್ಟರು ಮನೆಗೆ ಕಳಿಸಿದ್ದರು.

"ಊಟದಲ್ಲಿ ಏನೋ ಹೊಟ್ಟೆಗೆ ಹೋಗ್ತಿದೆ ಅಂದ್ರು ಡಾಕ್ಟರು. ಅದು ಏನು ಅಂತ ಗೊತ್ತಾಗೋವರೆಗೂ ಇವಳು ಈ ಮನೇಲಿ ಉಣ್ಣೋದು ಬೇಡ ಅತ್ತೆ."

ತೇಪೆಯಮ್ಮನ ಕೈಯಿಂದ ಕ್ಯಾನು ಜಾರಿತು. "ಅಂದ್ರೆ ನನ್ನ ಅಡುಗೆ ಕೊಳಕು ಅಂತಲಾ?"

"ಕೊಳಕು ಅಂದೋರು ಯಾರು? ನಿಮ್ಮ ಅಡುಗೆಮನೆ ನೆಲದ ಮೇಲೇ ಬಡಿಸ್ಕೊಂಡು ತಿನ್ನಬಹುದು. ನನಗೆ ಭಯ ಆಗೋದೇ ಅದಕ್ಕೆ. ಕೊಳಕಿದ್ದಿದ್ರೆ ತೊಳೀಬಹುದಿತ್ತು."

ಉಂಡೆ ಅಜ್ಜಿಯ ಕಡೆಗೆ ಕೈ ಚಾಚಿತು. "ಅಜ್ಜಿ, ಎಣ್ಣೆರೊಟ್ಟಿ ಕಟ್ಟಿಕೊಡು."

"ಬೇಡ," ಎಂದು ಸೊಸೆಯೇ ಉತ್ತರ ಕೊಟ್ಟು ಮೆಟ್ಟಿಲಿಳಿದಳು.

ಆ ಮನೆಗೆ ಅಂಗಡಿಯಿಂದ ಬರುತ್ತಿದ್ದುದು ಉಪ್ಪು, ಸೂಜಿ, ಬೆಂಕಿಪೊಟ್ಟಣ, ಅಷ್ಟೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಹಾಸುವ ಕೌದಿ ಸವೆದ ಸೀರೆಗಳದು. ಕಾಲೊರೆಸು ಹರಿದ ಅಂಗಿಗಳದು. ಚಪ್ಪಲಿ ಹಳೇ ಟೈರಿನದು, ದಿಂಬಿನೊಳಗೆ ಜೋಳದ ಸಿಪ್ಪೆ. ಸೋಪನ್ನೂ ಅವಳೇ ಬೂದಿನೀರಿನಲ್ಲಿ ಕಾಯಿಸಿ ಮಾಡುತ್ತಿದ್ದಳು. ಪಟ್ಟಣದಲ್ಲಿ ಕೆಲಸಕ್ಕಿದ್ದ ಮಗನ ಮದುವೆಯಂಗಿ ಮೊದಲು ತಲೆದಿಂಬಿನ ಚೀಲವಾಗಿ, ಆಮೇಲೆ ಮಸಿಬಟ್ಟೆಯಾಗಿ, ಕೊನೆಗೆ ದೀಪದ ಬತ್ತಿಯಾಗಿ ಉರಿದುಹೋಗಿತ್ತು. "ನಾನು ಸುಮ್ನೆ ಒಂದು ಕಡೆ ಕೂತ್ರೆ ನನ್ನನ್ನೂ ಏನಾದ್ರೂ ಮಾಡಿಬಿಡ್ತಾಳೆ" ಎನ್ನುತ್ತಿದ್ದ ಗಂಡ. ಅವನು ಸುಮ್ಮನೆ ಕೂರುತ್ತಿರಲಿಲ್ಲ.

ವರ್ಷದ ಎಣ್ಣೆಯೂ ಸ್ವಂತದ್ದೇ. ಹೊಲದ ಅಂಚಿನಲ್ಲಿ ಬೆಳೆದ ಎಳ್ಳನ್ನು ಗಾಣಕ್ಕೆ ಹಾಕಿಸಿ ತರುತ್ತಿದ್ದರು. ಎಣ್ಣೆಯ ಹಳೇ ಪಿಂಗಾಣಿ ಜಾಡಿ ಎರಡು ತಿಂಗಳ ಹಿಂದೆ ಬಿರುಕು ಬಿಟ್ಟಿತು. ಆ ವಾರವೇ ಪಕ್ಕದ ತೋಟದವನು ಖಾಲಿ ನೀಲಿ ಕ್ಯಾನೊಂದನ್ನು ಬೇಲಿಯಾಚೆ ಎಸೆಯಲು ಕೈಯೆತ್ತಿದ್ದ. ತೇಪೆಯಮ್ಮ ಗಾಳಿಯಲ್ಲೇ ಹಿಡಿದುಕೊಂಡಳು. ಇವತ್ತು ಕುಲುಕಿ ತೊಳೆದದ್ದು ಅವನೇ ಕೊಟ್ಟ ಎರಡನೇ ಕ್ಯಾನು.

ಮಾರನೇ ದಿನ ಬೆಳಿಗ್ಗೆ ಸೈಕಲ್ಲು ತುಳಿದುಕೊಂಡು ನರ್ಸಮ್ಮ ಬಂದಳು.

"ಡಾಕ್ಟರು ಕಳಿಸಿದ್ದಾರೆ ಅಮ್ಮ. ಅಡುಗೆಮನೆ ನೋಡಬಹುದಾ?"

"ನೋಡಿ. ಜಿರಳೆ ಸಿಕ್ಕಿದ್ರೆ ನನ್ನ ಹೆಸರು ಬದಲಾಯಿಸಿ," ಎಂದಳು ತೇಪೆಯಮ್ಮ.

ನರ್ಸಮ್ಮ ಎಲ್ಲವನ್ನೂ ನಿಧಾನವಾಗಿ ನೋಡಿದಳು. ಬಾವಿ ನೀರಿನ ಕೊಡ, ಕಾಳಿನ ಡಬ್ಬಗಳು, ಹಾಲಿನ ಪಾತ್ರೆ. ಕಾಲೊರೆಸಿನ ಹಳದಿ ನೂಲಿನ ನೇಯ್ಗೆಯನ್ನು ಮುಟ್ಟಿ, ಇದನ್ನ ನನಗೂ ಹೇಳಿಕೊಡಿ ಎಂದಳು. ಕೊನೆಗೆ ಒಲೆಯ ಪಕ್ಕದ ಮೂಲೆಯಲ್ಲಿ ಅವಳ ಕಣ್ಣು ನಿಂತಿತು.

"ಈ ನೀಲಿ ಕ್ಯಾನಲ್ಲಿ ಏನಿದೆ?"

"ಎಣ್ಣೆ. ನಮ್ಮದೇ ಎಳ್ಳಿಂದು."

"ಮೊದಲು ಏನಿತ್ತು?"

"ಔಷಧಿ. ತೋಟದವನು ತರಕಾರಿ ಹುಳಕ್ಕೆ ಹೊಡೀತಾನಲ್ಲ, ಅದು. ಚೆನ್ನಾಗಿ ತೊಳೆದಿದ್ದೀನಿ, ಬೂದಿ ಹಾಕಿ ಮೂರು ಸಲ."

ನರ್ಸಮ್ಮ ಕ್ಯಾನನ್ನು ತಿರುಗಿಸಿದಳು. ಹೊರಮೈಯಲ್ಲಿ ಚಾಕುವಿನಿಂದ ಕೆರೆದ ಗುರುತು. "ಇಲ್ಲಿ ಒಂದು ಚಿತ್ರ ಇತ್ತಲ್ವಾ?"

"ತಲೆಬುರುಡೆದು. ಮಗು ನೋಡಿ ಹೆದರ್ಕೊಳ್ತು. ಅದಕ್ಕೇ ಕೆರೆದು ಹಾಕ್ದೆ."

"ಹೆದರಲಿ ಅಂತಲೇ ಅಲ್ವಾ ಅಮ್ಮ ಅಂಟಿಸಿದ್ದು?"

ತೇಪೆಯಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನೋಡಿ ನರ್ಸಮ್ಮ, ಇದರಲ್ಲಿ ವಿಷ ಉಳಿದಿದ್ರೆ ನಾವೂ ತಿಂದಿದ್ದೀವಲ್ಲ, ನಮಗೆ ಯಾಕೆ ಏನೂ ಆಗಿಲ್ಲ? ಮೂಸಿ ನೋಡಿ, ವಾಸನೆ ಇದ್ರೆ ಹೇಳಿ. ಈ ಮೂಗಿಗೆ ತಿಳೀದೇ ಇರೋ ವಿಷ ಇನ್ನೂ ಹುಟ್ಟಿಲ್ಲ."

ಬಾಗಿಲಲ್ಲಿ ನಿಂತಿದ್ದ ಗಂಡ ಕೆಮ್ಮಿದ. "ಏನೂ ಆಗಿಲ್ಲ ಅನ್ನೋ ಹಾಗಿಲ್ಲ. ಊಟ ಆದ್ಮೇಲೆ ನನಗೆ ತಲೆ ಗಿರ್ ಅನ್ನುತ್ತೆ. ಬಿಸಿಲಿಗೆ ಅಂದ್ಕೊಂಡಿದ್ದೆ."

"ಯಾವಾಗಿಂದ?"

"ಒಂದೆರಡು ತಿಂಗಳು."

ನರ್ಸಮ್ಮ ಕೇಳಿದಳು, "ಮಗು ಎಣ್ಣೆ ಹೇಗೆ ತಿಂತಿತ್ತು? ಎಲ್ಲರ ಹಾಗೆ ಒಗ್ಗರಣೆಯಲ್ಲಾ?"

"ಬಿಸಿ ರೊಟ್ಟಿಗೆ ಹಸಿ ಎಣ್ಣೆ ಸವರಿ ಕೊಡ್ತಿದ್ದೆ. ಅದಕ್ಕೆ ಅದಿಲ್ಲದೆ ಆಗಲ್ಲ." ಹೇಳುತ್ತಾ ಹೇಳುತ್ತಾ ತೇಪೆಯಮ್ಮನ ದನಿ ಇಳಿಯಿತು. ತಾನೇ, ತನ್ನ ಕೈಯಿಂದಲೇ, ಎರಡೂ ಹೊತ್ತು. ಆದರೂ ಮನಸ್ಸು ಒಪ್ಪಲಿಲ್ಲ. "ಮೂರು ಸಲ ತೊಳೆದಿದ್ದೀನಿ," ಎಂದಳು ಮತ್ತೆ.

"ಸರಿ," ಎಂದಳು ನರ್ಸಮ್ಮ. "ನನ್ನ ಮಾತು ನಂಬಬೇಡಿ. ನೂಲಿಗೆ ಬಣ್ಣ ಹಾಕ್ತೀರಲ್ಲ, ಯಾವುದರಲ್ಲಿ?"

ತೇಪೆಯಮ್ಮ ಹಿತ್ತಿಲಿನಿಂದ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬ ತಂದಳು. ಅರಿಶಿನದ ನೀರಿನಲ್ಲಿ ನೂಲು ನೆನೆಹಾಕುವ ಡಬ್ಬ.

"ಇದನ್ನ ಕ್ಯಾನು ತೊಳೆದ ಹಾಗೇ ತೊಳೀರಿ."

ತೇಪೆಯಮ್ಮ ಹಟದಿಂದ ತೊಳೆದಳು. ಬೂದಿ ಮುಟ್ಟಿದೊಡನೆ ನೀರು ಕೆಂಪಾಯಿತು, ಎರಡನೇ ಸಲಕ್ಕೆ ತೆಳುವಾಯಿತು, ಮೂರನೇ ಸಲಕ್ಕೆ ತಿಳಿಯಾಯಿತು.

"ಮೂಸಿ ನೋಡಿ."

"ಏನೂ ಇಲ್ಲ."

ನರ್ಸಮ್ಮ ಡಬ್ಬಕ್ಕೆ ಬಾವಿ ನೀರು ಹಾಕಿ ಅಲ್ಲಾಡಿಸಿ ಗಾಜಿನ ಲೋಟಕ್ಕೆ ಬಗ್ಗಿಸಿದಳು. ನೀರು ನೀರಾಗಿಯೇ ಇತ್ತು. ತೇಪೆಯಮ್ಮ ಗೆದ್ದವಳ ಹಾಗೆ ಗಂಡನ ಕಡೆ ನೋಡಿದಳು. ಆಮೇಲೆ ನರ್ಸಮ್ಮ ಡಬ್ಬ ಒರೆಸಿ, ತನ್ನ ಚೀಲದಿಂದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಶೀಶೆ ತೆಗೆದಳು. ಎಣ್ಣೆ ಮಳೆಹನಿಯಷ್ಟು ತಿಳಿಯಾಗಿತ್ತು. ಅದನ್ನು ಡಬ್ಬದ ತಳಕ್ಕೆ ಸುರಿದು, ಒಲೆಯ ಬಳಿ ಬೆಚ್ಚಗೆ ಇಟ್ಟಳು.

"ಸಂಜೆ ಬರ್ತೀನಿ. ಅಲ್ಲೀವರೆಗೂ ಆ ಕ್ಯಾನು ಮುಟ್ಟಬೇಡಿ."

ಸಂಜೆಯವರೆಗೆ ತೇಪೆಯಮ್ಮ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಡಬ್ಬವನ್ನೇ ನೋಡುತ್ತಾ ಕೂತಳು. ಹತ್ತಿರ ಹೋಗಲಿಲ್ಲ. ನರ್ಸಮ್ಮ ಬಂದು, ಒಂದು ಬಿಳಿ ದಾರ ಕೇಳಿ ಪಡೆದು, ಡಬ್ಬದ ಎಣ್ಣೆಯಲ್ಲಿ ಅದ್ದಿ ಎತ್ತಿದಳು.

ದಾರ ಹಳದಿಯಾಗಿತ್ತು.

"ನೀರಿಗೆ ಕೊಡದೇ ಇದ್ದದ್ದನ್ನ ಎಣ್ಣೆಗೆ ಕೊಡ್ತು ನೋಡಿ," ಎಂದಳು ನರ್ಸಮ್ಮ. "ಪ್ಲಾಸ್ಟಿಕ್ಕು ಕಲ್ಲಲ್ಲ ಅಮ್ಮ, ಹೀರ್ಕೊಳ್ಳುತ್ತೆ. ಅರಿಶಿನಕ್ಕೆ ಬಣ್ಣ ಇದೆ, ಕಣ್ಣಿಗೆ ಕಂಡಿತು. ಆ ಔಷಧಿಗೆ ಬಣ್ಣ ಇಲ್ಲ. ಇದೊಂದೇ ಕಾರಣ ಅಂತ ನಾನು ಹೆಬ್ಬೆಟ್ಟು ಒತ್ತಲ್ಲ, ಅದನ್ನ ಡಾಕ್ಟರು ಹೇಳಬೇಕು. ಆದ್ರೆ ಮೊದಲು ಮನೆಯಿಂದ ಹೊರಗೆ ಹೋಗಬೇಕಾದ್ದು ಇದು. ದೊಡ್ಡವರಿಗೆ ತಲೆ ತಿರುಗಿಸೋ ಅಷ್ಟು ಸಾಕು, ಪುಟ್ಟ ಮೈ ಮಲಗಿಬಿಡುತ್ತೆ. ನೀವಿಬ್ಬರೂ ನಾಳೆ ಬಂದು ಪರೀಕ್ಷೆ ಮಾಡಿಸ್ಕೊಳ್ಳಿ."

ತೇಪೆಯಮ್ಮ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು. ಮೂಲೆಯ ಕ್ಯಾನಿನ ಕಡೆ ತಿರುಗಿದಳು. "ಇಷ್ಟೊಂದು ಎಣ್ಣೆ. ಸೋಪು ಮಾಡ್ಲಾ?"

"ಆ ಸೋಪು ಯಾರ ಮೈಗೆ?"

"ದೀಪಕ್ಕೆ?"

"ಹೊಗೆ ಯಾರ ಮೂಗಿಗೆ?"

"ಬಾಗಿಲ ಕೀಲಿಗೆ?" ಎಂದ ಗಂಡ.

"ಕೀಲು ಮುಟ್ಟಿದ ಕೈ ಬಾಯಿಗೆ ಹೋಗಲ್ವಾ ಯಜಮಾನ್ರೆ? ಮುಚ್ಚಳ ಬಿಗಿದು, ಮೇಲೆ 'ವಿಷ' ಅಂತ ಬರೆದು, ಜಗಲಿ ಮೇಲಿರೋ ಆ ಇನ್ನೊಂದು ಖಾಲಿ ಕ್ಯಾನಿನ ಜೊತೆ ಕೃಷಿ ಕಚೇರಿಗೆ ಕೊಡಿ. ಎಲ್ಲಿಗೆ ಕಳಿಸಬೇಕು ಅಂತ ಅವರು ಹೇಳ್ತಾರೆ. ಬಾವಿ ಹತ್ತಿರ ಚೆಲ್ಲೋದಾಗಲಿ, ಸುಡೋದಾಗಲಿ ಮಾಡಬೇಡಿ."

ತನ್ನ ಜೀವಮಾನದಲ್ಲಿ ತೇಪೆಯಮ್ಮ ಎಣ್ಣೆಯ ತೊಟ್ಟನ್ನೂ ನೆಲಕ್ಕೆ ಬಿಟ್ಟವಳಲ್ಲ. ಬಾಣಲೆಯ ತಳವನ್ನೂ ರೊಟ್ಟಿಯ ಚೂರಿನಿಂದ ಒರೆಸಿದವಳು. ಮಾರನೇ ದಿನ ಅವಳು ಎರಡೂ ಕ್ಯಾನುಗಳ ಜೊತೆಗೆ ಗಾಡಿ ಹತ್ತಿದಳು, ಬರುವಾಗ ಆರೋಗ್ಯ ಕೇಂದ್ರದ ಚೀಟಿಯ ಜೊತೆ ಬಂದಳು. ಗಾಣದವರು ಉಳಿದಿದ್ದ ಎಳ್ಳಿಗೆ ಅರ್ಧ ಜಾಡಿ ಎಣ್ಣೆ ತೆಗೆದುಕೊಟ್ಟರು. ಜಾಡಿ ಹೊಸದು. ಅವಳು ಎರಡು ಕೌದಿಗಳನ್ನು ಕೊಟ್ಟು ಕುಂಬಾರನಿಂದ ತಂದದ್ದು.

ಮೂರು ವಾರ ಕಳೆಯಿತು. ಸೊಸೆಯ ತವರಿನಲ್ಲಿ ಉಂಡೆಗೆ ಒಮ್ಮೆಯೂ ವಾಂತಿಯಾಗಲಿಲ್ಲ. ಗಂಡನ ತಲೆಯೂ ತಿರುಗಲಿಲ್ಲ, ಬಿಸಿಲು ಮಾತ್ರ ಹಾಗೇ ಇತ್ತು. ಡಾಕ್ಟರೂ ಕ್ಯಾನಿನ ಕಡೆಗೇ ಬೆರಳು ತೋರಿಸಿದರು.

ಒಂದು ಮಧ್ಯಾಹ್ನ ಸೊಸೆ ಮಗುವನ್ನು ಕರೆದುಕೊಂಡು ಬಂದಳು. ಆದರೆ ಜಗಲಿ ಹತ್ತಲಿಲ್ಲ, ಚೀಲ ಕೆಳಗಿಡಲಿಲ್ಲ.

"ಜಾಡಿ ನೋಡು ಬಾ," ಎಂದಳು ತೇಪೆಯಮ್ಮ.

"ಜಾಡಿ ಸರಿ ಅತ್ತೆ. ನಾಳೆ ಜಾಡಿ ಒಡೆದ್ರೆ? ನಿಮ್ಮ ಬಾಯಿಂದ ಬಿಟ್ಟಿ ಸಿಕ್ಕಿದ್ದಕ್ಕೆ ಯಾವತ್ತಾದ್ರೂ ಬೇಡ ಅಂತ ಬಂದಿದೆಯಾ? ಮುರಿದ ಛತ್ರೀನೂ ಬಿಟ್ಟಿಲ್ಲ ನೀವು."

"ಛತ್ರಿ ಬಟ್ಟೇಲಿ ಮೂರು ಚೀಲ ಹೊಲಿದೆ," ಎಂದಳು ತೇಪೆಯಮ್ಮ.

"ಅದೇ ನಾನು ಹೇಳ್ತಿರೋದು."

ಸರಿಯಾಗಿ ಆಗಲೇ ಬೇಲಿಯ ಆಚೆ ಪಕ್ಕದ ತೋಟದವನು ಕಾಣಿಸಿಕೊಂಡ. ಎರಡೂ ಕೈಯಲ್ಲಿ ಒಂದೊಂದು ನೀಲಿ ಕ್ಯಾನು.

ಅವನು ಬೇಲಿ ಸುತ್ತಿ ಬರುವಷ್ಟರಲ್ಲಿ, ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಎರಡು ಮಾತು. ಎದ್ದು ನಿಮ್ಮ ಅಡುಗೆಮನೆಯ ಮೂಲೆ, ಅಟ್ಟ, ಬಚ್ಚಲು ನೋಡಿ ಬನ್ನಿ. ಗಿಡಕ್ಕೆ ಹೊಡೆಯುವ ಔಷಧಿ ಇದ್ದ ಕ್ಯಾನು, ಶೀಶೆ, ಡಬ್ಬ ಏನಾದರೂ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಎಷ್ಟು ತೊಳೆದರೂ ಅದು ನೀರಿಗಾಗಲಿ, ಎಣ್ಣೆಗಾಗಲಿ, ಕಾಳಿಗಾಗಲಿ, ದನದ ಮೇವಿಗಾಗಲಿ ಅಲ್ಲ. ಔಷಧಿ ಹೊಡೆಯುವವರು ಖಾಲಿಯಾದ ಕ್ಯಾನನ್ನು ಅಲ್ಲೇ ಮೂರು ಸಲ ತೊಳೆದು, ಆ ನೀರನ್ನು ಹೊಡೆಯುವ ಟ್ಯಾಂಕಿಗೇ ಸುರಿಯಿರಿ. ಕ್ಯಾನಿಗೆ ತೂತು ಹೊಡೆಯಿರಿ, ಮತ್ತೆ ಯಾರೂ ತುಂಬಿಸದ ಹಾಗೆ. ಎಲ್ಲಿಗೆ ಒಪ್ಪಿಸಬೇಕೆಂದು ಕೃಷಿ ಕಚೇರಿಯಲ್ಲಿ ಕೇಳಿ. ಉಳಿದ ಔಷಧಿಯನ್ನು ಬೇರೆ ಬಾಟಲಿಗೆ ಸುರಿದಿಡಬೇಡಿ. ಯಾರ ಹೊಟ್ಟೆಗಾದರೂ ಹೋಯಿತು ಎಂದು ಅನುಮಾನ ಬಂದರೆ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸದೆ, ಆ ಕ್ಯಾನಿನ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ಹರಿದದ್ದಕ್ಕೆ ತೇಪೆ ಹಾಕಿ, ಮುರಿದದ್ದನ್ನು ಕಟ್ಟಿ, ಹಳೆಯದನ್ನು ಹೊಸದು ಮಾಡಿ. ಇದೊಂದನ್ನು ಮಾತ್ರ ಬಿಡಿ.

ತೋಟದವನು ಬಂದೇಬಿಟ್ಟ.

"ಅಕ್ಕ, ನಿಮಗೆ ಅಂತಲೇ ಇಟ್ಟಿದ್ದೆ. ಮುಚ್ಚಳ ನೋಡಿ, ಹೇಗೆ ಕೂರುತ್ತೆ."

ತೇಪೆಯಮ್ಮನ ಬಲಗೈ ತಾನಾಗಿಯೇ ಮುಂದೆ ಹೋಯಿತು. ಸೊಸೆ ನೋಡುತ್ತಿದ್ದಳು. ಕೈ ಅರ್ಧದಲ್ಲಿ ನಿಂತಿತು, ತಿರುಗಿತು, ಸೆರಗಿಗೆ ಒರೆಸಿಕೊಂಡಿತು.

"ಬೇಡ."

"ಎಣ್ಣೆಗೆ ಬೇಡದಿದ್ರೆ ಬಿಡಿ. ಅರ್ಧಕ್ಕೆ ಕತ್ತರಿಸಿ ಕೋಳಿಗೆ ನೀರಿಡಿ."

"ಬೇಡ."

"ಹೂವಿನ ಗಿಡ ನೆಡೋಕೆ? ಬಿಟ್ಟಿ ಕೊಡ್ತಿದ್ದೀನಲ್ಲ ಅಕ್ಕ."

"ಬಿಟ್ಟಿ ಕೊಟ್ರೂ ಬೇಡ, ಹೊತ್ಕೊಂಡು ಬಂದು ಬೇಡ್ಕೊಂಡ್ರೂ ಬೇಡ," ಎಂದಳು ತೇಪೆಯಮ್ಮ. "ಈ ಮನೆಗೆ ಅದು ಬೇಡ."

ಸೊಸೆ ಚೀಲವನ್ನು ಜಗಲಿಯ ಮೇಲಿಟ್ಟಳು.